ಮಂಡಿ ಕೊಟ್ಟವರಿಗೆ ಒಂದು ಥ್ಯಾಂಕ್ಸ್

ಕಳೆದ ತಿಂಗಳು ನಾನು ರಿಟೈರ್ ಆದೆ. ಅದರ ಹಿಂದೆಯೇ ಬಲಗಾಲಿನ ಮಂಡಿ ಬದಲಾಯಿಸಿಕೊಂಡೆ. ಎರಡೂ ಸುದ್ದಿ ಒಟ್ಟೊಟ್ಟಿಗೆ ತಲುಪಿ ನಿಮ್ಮಲ್ಲಿ ತುಂಬ ಜನ ಮೆಸೇಜ್ ಹಾಕಿದಿರಿ, ಫೋನ್ ಮಾಡಿದಿರಿ, ಊಟದ ಡಬ್ಬಿ ಕಳಿಸಿದಿರಿ. ಒಬ್ಬೊಬ್ಬರಿಗೂ ಉತ್ತರ ಬರೆಯೋಣ ಅಂದುಕೊಂಡೆ, ಆಗಲಿಲ್ಲ. ಅದಕ್ಕೇ ಇಲ್ಲಿ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಉದ್ದ ಆದರೆ ಸಹಿಸಿಕೊಳ್ಳಿ, ಕಾಲು ಚಾಚಿಕೊಂಡು ಕೂತವಳಿಗೆ ಬೇರೆ ಕೆಲಸ ಇಲ್ಲ.

ಬಂದ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಒಂದೇ ಜೋಕು. "ಜೀವಮಾನವೆಲ್ಲ ಕಾರ್ಟಿಲೇಜ್ ಮೇಲೆ ರಿಸರ್ಚ್ ಮಾಡಿದವಳು, ನಿನ್ನ ಮಂಡಿನೇ ಉಳಿಸಿಕೊಳ್ಳೋಕೆ ಆಗಲಿಲ್ವಾ?" ಆಗಲಿಲ್ಲ ಮಾರಾಯ್ರೇ. ಕಣ್ಣಿನ ಡಾಕ್ಟರೂ ಕನ್ನಡಕ ಹಾಕುತ್ತಾರೆ. ಮಂಡಿಯ ಕಾರ್ಟಿಲೇಜ್, ಅಂದರೆ ಮೂಳೆಗಳ ತುದಿಗೆ ಹೊದ್ದಿರೋ ನುಣುಪು ಪದರ, ಸವೆಯೋದನ್ನು ತಡೆಯುವ ಔಷಧಿ ಅಂತ ಸರಿಯಾಗಿ ಒಪ್ಪಿಗೆ ಪಡೆದದ್ದು ಪ್ರಪಂಚದಲ್ಲಿ ಇವತ್ತಿಗೂ ಒಂದೂ ಇಲ್ಲ. ನೋವಿಗೆ ಇದೆ, ಊತಕ್ಕೆ ಇದೆ, ಕೊನೆಗೆ ಲೋಹ ಮತ್ತು ಪ್ಲಾಸ್ಟಿಕ್ಕಿನ ಹೊಸ ಮಂಡಿ ಇದೆ. ಅದನ್ನೇ ಹಾಕಿಸಿಕೊಂಡೆ.

ಸರ್ಜನ್ನರಿಗೆ, ಅರಿವಳಿಕೆ ಕೊಟ್ಟ ಡಾಕ್ಟರಿಗೆ, ರಾತ್ರಿ ಪಾಳಿಯ ನರ್ಸುಗಳಿಗೆ ಥ್ಯಾಂಕ್ಸ್. ಫಿಸಿಯೋಥೆರಪಿ ಹುಡುಗಿಗೆ ಸ್ವಲ್ಪ ಜಾಸ್ತಿ. ಆಪರೇಷನ್ ಆದ ಮಾರನೇ ದಿನವೇ ವಾಕರ್ ತಂದು ನಿಲ್ಲಿಸಿ, "ಮೇಡಂ, ನಿಮಗೆ ಮಂಡಿ ವಿಷಯ ಎಲ್ಲ ಗೊತ್ತಂತೆ, ಹಾಗಿದ್ರೆ ಮಡಚಿ ನೋಡೋಣ" ಅಂದಳು. ಗೊತ್ತಿರೋದಕ್ಕೂ ಮಡಚೋದಕ್ಕೂ ಏನೇನೂ ಸಂಬಂಧ ಇಲ್ಲ ಅಂತ ಅರ್ಧ ನಿಮಿಷದಲ್ಲಿ ಇಬ್ಬರಿಗೂ ಗೊತ್ತಾಯಿತು.

ಆದರೆ ನಾನು ಬರೆಯಲು ಕೂತದ್ದು ಬೇರೆಯವರಿಗೆ ಥ್ಯಾಂಕ್ಸ್ ಹೇಳಲು. ಅವರ ಹೆಸರು ನನಗೆ ಗೊತ್ತಿಲ್ಲ. ಗೊತ್ತಿರಲೂಬಾರದು, ಅದು ನಿಯಮ.

ಮಂಡಿ ಬದಲಾಯಿಸುವಾಗ ತೊಡೆಮೂಳೆಯ ತುದಿಯನ್ನೂ ಕಾಲುಮೂಳೆಯ ತಲೆಯನ್ನೂ ತೆಳ್ಳಗೆ ಕತ್ತರಿಸಿ ತೆಗೆಯುತ್ತಾರೆ. ಆ ಚೂರುಗಳ ಮೇಲೆ ಉಳಿದಿರೋ ಕಾರ್ಟಿಲೇಜ್ ಇರುತ್ತೆ. ಸಾಮಾನ್ಯವಾಗಿ ಅದು ಆಸ್ಪತ್ರೆಯ ಕಸಕ್ಕೆ ಹೋಗುತ್ತೆ. ರೋಗಿ ಒಪ್ಪಿದರೆ ನಮ್ಮಂಥ ಲ್ಯಾಬಿಗೆ ಬರುತ್ತೆ. ಆಪರೇಷನ್ನಿಗೆ ಮುಂಚೆ ಸಹಿಗೆ ಬರೋ ಕಾಗದದ ಕಟ್ಟಿನಲ್ಲಿ ಅದಕ್ಕೂ ಒಂದು ಹಾಳೆ ಇರುತ್ತೆ. ಅಂಥ ಹಾಳೆಯನ್ನು ಕನ್ನಡದಲ್ಲಿ ಬರೆಯಲು ನಾನೂ ಹಿಂದೊಮ್ಮೆ ಕೂತಿದ್ದೆ. ಹಳ್ಳಿಯಿಂದ ಬಂದ ಅಜ್ಜಿಗೂ ಅರ್ಥ ಆಗಬೇಕು, ಎಥಿಕ್ಸ್ ಕಮಿಟಿಗೂ ಒಪ್ಪಿಗೆ ಆಗಬೇಕು ಅಂತ ಒದ್ದಾಡಿದ್ದೆವು. ಈ ಸಲ ಮಂಚದ ಮೇಲೆ ಕೂತು ಅಂಥದ್ದೇ ಹಾಳೆಗೆ ನಾನೇ ಸಹಿ ಹಾಕಿದೆ. ನನ್ನ ಮಂಡಿಯ ಚೂರು ಈಗ ಯಾರದೋ ಫ್ರೀಜರಿನಲ್ಲಿದೆ, ಮೈನಸ್ 80 ಡಿಗ್ರಿಯಲ್ಲಿ.

ನಮ್ಮ ಲ್ಯಾಬಿಗೆ ಚೂರು ಬರುವಾಗ ಡಬ್ಬಿಯ ಮೇಲೆ ಒಂದು ಕೋಡ್ ನಂಬರು, ಅದರ ಕೆಳಗೆ ಮೂರೇ ಸಂಗತಿ. "ಹೆಣ್ಣು, 67, ಎಡ." "ಗಂಡು, 71, ಬಲ." ಅಷ್ಟೇ. ಆ ಕಾಲು ಎಷ್ಟು ಗದ್ದೆ ನಾಟಿ ಮಾಡಿದೆ, ಎಷ್ಟು ಮೆಟ್ಟಿಲು ಹತ್ತಿದೆ, ಯಾವ ಬಸ್ಸಿಗೆ ನಿಂತು ನಿಂತು ಸವೆದಿದೆ, ಏನೂ ಗೊತ್ತಾಗಲ್ಲ. ಮುಚ್ಚಳ ತೆಗೆದರೆ ಗೊತ್ತಾಗೋದು ಬೇರೆ. ಒಂದು ಕಡೆ ಕಾರ್ಟಿಲೇಜ್ ಇನ್ನೂ ಬೆಳ್ಳಗೆ ನುಣುಪಾಗಿರುತ್ತೆ. ಸ್ವಲ್ಪ ಆಚೆ ಹಳದಿ ತಿರುಗಿ, ಎಳೆ ಎಳೆಯಾಗಿ ಎದ್ದಿರುತ್ತೆ. ಭಾರ ಜಾಸ್ತಿ ಬಿದ್ದ ಒಳಮಗ್ಗುಲಲ್ಲಿ ಕಾರ್ಟಿಲೇಜ್ ಪೂರ್ತಿ ಹೋಗಿ, ಮೂಳೆಗೆ ಮೂಳೆ ಉಜ್ಜಿ ಉಜ್ಜಿ ಪಾಲಿಶ್ ಹಾಕಿದ ಹಾಗೆ ಹೊಳೆಯುತ್ತಿರುತ್ತೆ. ಅದನ್ನು ನೋಡಿದಾಗಲೆಲ್ಲ ಈ ಮನುಷ್ಯ ಈ ಕಾಲಲ್ಲಿ ಆಸ್ಪತ್ರೆವರೆಗೆ ಹೇಗೆ ನಡೆದು ಬಂದರಪ್ಪ ಅನ್ನಿಸುತ್ತಿತ್ತು. ಈಗ ಅನುಭವದಿಂದ ಹೇಳಬಲ್ಲೆ, ಆಟೋದಲ್ಲಿ.

ಆ ಚೂರಲ್ಲಿ ನಾವು ಹುಡುಕಿದ್ದೇನು ಅಂತ ಅದನ್ನು ಕೊಟ್ಟವರಿಗೆ ಹೇಳುವ ಅವಕಾಶ ಯಾವತ್ತೂ ಸಿಗಲಿಲ್ಲ. ಅದಕ್ಕೆ ಇಲ್ಲಿ ಹೇಳಿಬಿಡುತ್ತೇನೆ.

ಕಾರ್ಟಿಲೇಜ್ ಅಂದರೆ ಮಂಡಿಯಲ್ಲಿ ಕೆಲವೇ ಮಿಲಿಮೀಟರ್ ದಪ್ಪದ ಪದರ. ಅದಕ್ಕೆ ರಕ್ತನಾಳ ಇಲ್ಲ, ನರ ಇಲ್ಲ. ತೂಕದಲ್ಲಿ ಹೆಚ್ಚಿನ ಪಾಲು ನೀರು, ನೂರಕ್ಕೆ 65ರಿಂದ 80ರವರೆಗೆ. ಜೀವಕೋಶ ತೀರಾ ಕಡಿಮೆ, ಕೋಣೆ ಕೋಣೆಯಲ್ಲಿ ಒಬ್ಬಂಟಿಯಾಗಿ ಕೂತಿರುತ್ತವೆ. ಇಷ್ಟು ಕಡಿಮೆ ಸರಕಿನಲ್ಲಿ ನಮ್ಮ ಮೈಭಾರ ಹೊರೋದು ಹೇಗೆ? ಹಳೇ ಕಾಲದ ಬೂರುಗದ ಹತ್ತಿಯ ಹಾಸಿಗೆ ನೆನಪಿದೆಯಲ್ವಾ? ಗಟ್ಟಿ ಬಟ್ಟೆಯೊಳಗೆ ಹತ್ತಿಯನ್ನು ಒತ್ತಿ ಒತ್ತಿ ತುಂಬುತ್ತಾರೆ, ಹತ್ತಿ ಹಿಗ್ಗಲು ನೋಡುತ್ತೆ, ಬಟ್ಟೆ ಬಿಡಲ್ಲ, ಆ ಬಿಗಿಯಲ್ಲೇ ಹಾಸಿಗೆಯ ಗಟ್ಟಿತನ. ಇಲ್ಲಿ ಬಟ್ಟೆಯ ಕೆಲಸ ಮಾಡೋದು ಕೊಲ್ಯಾಜನ್ ಅನ್ನೋ ನಾರಿನಂಥ ಪ್ರೋಟೀನು, ಹತ್ತಿಯ ಕೆಲಸ ಅಗ್ರಿಕ್ಯಾನ್ ಅನ್ನೋ ದೊಡ್ಡ ಅಣು. ಅಗ್ರಿಕ್ಯಾನ್ ಮೈತುಂಬ ಸಕ್ಕರೆಯ ಸರಪಳಿ, ಸರಪಳಿ ತುಂಬ ಋಣ ವಿದ್ಯುದಂಶ, ಅದು ನೀರನ್ನು ಎಳೆದು ಹಿಡಿಯುತ್ತೆ. ಸಂಧಿವಾತ ಶುರುವಾದಾಗ ಮೊದಲು ಖಾಲಿ ಆಗೋದು ಈ ಅಗ್ರಿಕ್ಯಾನ್. ಅದನ್ನು ಕತ್ತರಿಸೋ ಕಿಣ್ವ ಯಾವುದು, ಎಲ್ಲಿ ಕತ್ತರಿಸುತ್ತೆ, ಅದನ್ನು ತಡೆಯಬಹುದಾ, ಇದೇ ನನ್ನ ಇಡೀ ಕೆಲಸ.

ಅಳೆಯೋದಕ್ಕೆ ಒಂದು ಬಣ್ಣ ಇದೆ, ಡೈಮೀಥೈಲ್‌ಮೀಥಿಲೀನ್ ಬ್ಲೂ. ಹೆಸರು ಉದ್ದ, ಕೆಲಸ ಸುಲಭ. ಕಾರ್ಟಿಲೇಜ್ ಚೂರನ್ನು ಪಪೇನ್‌ನಲ್ಲಿ, ಅಂದರೆ ಪರಂಗಿ ಹಣ್ಣಿನ ಹಾಲಿನಿಂದ ಬರೋ ಕಿಣ್ವದಲ್ಲಿ, ರಾತ್ರಿಯಿಡೀ ಬಿಸಿಯಲ್ಲಿಟ್ಟರೆ ಬೆಳಗ್ಗೆ ಕರಗಿ ನೀರಾಗಿರುತ್ತೆ. ಅದರ ಒಂದು ಹನಿಗೆ ಈ ನೀಲಿ ಬಣ್ಣ ಹಾಕಿದ ತಕ್ಷಣ ನೇರಳೆಗೆ ತಿರುಗುತ್ತೆ. ಎಷ್ಟು ನೇರಳೆಯೋ ಅಷ್ಟು ಅಗ್ರಿಕ್ಯಾನ್. ಆದರೆ ಓದೋದು ಕೂಡಲೇ ಆಗಬೇಕು, ತಡಮಾಡಿದರೆ ಬಣ್ಣ ಗಸಿಯಾಗಿ ತಳ ಸೇರುತ್ತೆ. ನಮ್ಮ ಲ್ಯಾಬಿನಲ್ಲಿ ಈ ಹೊತ್ತಿಗೆ ಯಾರ ಫೋನು ಬಂದರೂ ಎತ್ತುವಂತಿಲ್ಲ. ಅಷ್ಟೂ ವರ್ಷ ನೋಡಿದ್ದರೂ ಆ ನೀಲಿ ನೇರಳೆಯಾಗೋದು ನನಗೆ ಯಾವತ್ತೂ ಬೇಜಾರಾಗಲಿಲ್ಲ.

ಪರಂಗಿ ಅಂದಾಗ ನೆನಪಾಯಿತು. 1956ರಲ್ಲಿ ಅಮೆರಿಕದ ಲೂಯಿಸ್ ಥಾಮಸ್ ಅನ್ನೋ ಡಾಕ್ಟರು ಮೊಲದ ರಕ್ತನಾಳಕ್ಕೆ ಪಪೇನ್ ಚುಚ್ಚಿದರೆ ಮೊಲದ ನೆಟ್ಟಗಿನ ಕಿವಿ ಎರಡೂ ಜೋಲು ಬೀಳುತ್ತವೆ ಅಂತ ಪ್ರಕಟಿಸಿದರು. ಕೆಲವೇ ದಿನದಲ್ಲಿ ಮತ್ತೆ ನೆಟ್ಟಗಾಗುತ್ತವೆ. ಅಂದರೆ ಆ ಹತ್ತಿ, ಅಗ್ರಿಕ್ಯಾನ್, ಖಾಲಿಯಾದರೂ ಜೀವಕೋಶಗಳು ಮತ್ತೆ ತುಂಬಬಲ್ಲವು. ಬಟ್ಟೆ ಹರಿದರೆ ಮಾತ್ರ ಕಷ್ಟ. ಮನುಷ್ಯರ ಕಾರ್ಟಿಲೇಜಿನ ಕೊಲ್ಯಾಜನ್ನಿನ ಅರ್ಧಾಯುಷ್ಯ, ಅಂದರೆ ಅರ್ಧ ಪಾಲು ಬದಲಾಗಲು ಹಿಡಿಯೋ ಕಾಲ, 117 ವರ್ಷ ಅಂತ 2000ದಲ್ಲಿ ಲೆಕ್ಕ ಹಾಕಿದ್ದಾರೆ. ಅಂದರೆ ಎಳವೆಯಲ್ಲಿ ಮಾಡಿಕೊಂಡಿದ್ದನ್ನೇ ಸಾಯೋವರೆಗೆ ಬಳಸಬೇಕು, ಹೊಸದು ಬರೋದಿಲ್ಲ ಅಂತಲೇ ಹೇಳಬಹುದು. ಅದಕ್ಕೇ ನಾವೆಲ್ಲ ಹತ್ತಿ ಖಾಲಿಯಾಗೋ ಹಂತದಲ್ಲೇ ರೋಗವನ್ನು ಹಿಡಿಯಬೇಕು ಅಂತ ಅದರ ಹಿಂದೆ ಬಿದ್ದೆವು.

ಎಲ್ಲಕ್ಕೂ ಮನುಷ್ಯರ ಚೂರು ಸಿಗಲ್ಲ. ಆರೋಗ್ಯವಾದ ಕಾರ್ಟಿಲೇಜ್ ಬೇಕಾದಾಗ ಕುರಿಕಾಲು. ಬೆಂಗಳೂರಿನ ರಸೆಲ್ ಮಾರ್ಕೆಟ್ ಹತ್ತಿರ ಒಂದು ಮಾಂಸದಂಗಡಿ ಇತ್ತು. ಅಲ್ಲಿನ ಸಾಹೇಬರಿಗೆ ನಾನು ಮೊದಲ ಸಲ "ಮಾಂಸ ಬೇಡ, ಕೀಲು ಮಾತ್ರ ಕೊಡಿ, ಬಿಚ್ಚಬೇಡಿ, ಚರ್ಮ ಹಾಗೇ ಇರಲಿ" ಅಂದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದ್ದರು. ವಿಷಯ ತಿಳಿದ ಮೇಲೆ ನಸುಕಿನಲ್ಲೇ ಕೀಲುಗಳನ್ನು ಎತ್ತಿಟ್ಟಿರುತ್ತಿದ್ದರು, ಕಾಸು ಮಾತ್ರ ಮುಟ್ಟುತ್ತಿರಲಿಲ್ಲ. ಅವರ ಹೆಂಡತಿಗೆ ಮಂಡಿನೋವಿತ್ತು. "ನೀವು ಏನಾದರೂ ಕಂಡುಹಿಡಿದರೆ ಮೊದಲು ನಮ್ಮ ಮನೆಗೆ" ಅನ್ನುತ್ತಿದ್ದರು. ಸಾಹೇಬರೇ, ನಿಮ್ಮ ಕುರಿಗಳಿಂದ ಇಬ್ಬರು ಪಿಎಚ್‌ಡಿ ಮುಗಿಸಿದ್ದಾರೆ. ಮಾತ್ರೆ ಇನ್ನೂ ಸಿಕ್ಕಿಲ್ಲ.

ಅಮ್ಮ ಈ ಕುರಿಕಾಲಿನ ಕೆಲಸವನ್ನು ಕೊನೆವರೆಗೂ ಒಪ್ಪಲಿಲ್ಲ. ಬೈಯ್ಯಲೂ ಇಲ್ಲ. ಮನೆಗೆ ಬಂದ ಕೂಡಲೇ ಬಚ್ಚಲಿನ ಕಡೆ ಕೈ ತೋರಿಸುತ್ತಿದ್ದಳು, ಅಷ್ಟೇ. ಹಂಡೆಯಲ್ಲಿ ನೀರು ಕಾದಿರುತ್ತಿತ್ತು. ಅಮ್ಮನಿಗೂ ಥ್ಯಾಂಕ್ಸ್.

ಲ್ಯಾಬಿನ ಅಟೆಂಡರ್ ಒಬ್ಬರ ವಿಷಯ ಹೇಳಲೇಬೇಕು. ಗಾಜು ತೊಳೆಯೋದು ಅವರ ಕೆಲಸ, ಹಾಗಂತ ಹುದ್ದೆಯ ಪಟ್ಟಿಯಲ್ಲಿ ಬರೆದಿತ್ತು. ಆದರೆ ಕೀಲು ಬಿಚ್ಚೋದನ್ನು ಹೊಸ ವಿದ್ಯಾರ್ಥಿಗಳಿಗೆ ಕಲಿಸಿದವರು ನಿಜದಲ್ಲಿ ಅವರೇ. ಚಿಪ್ಪಿನ ಕೆಳಗಿನ ಪಟ್ಟಿಯನ್ನು ಒಂದೇ ಏಟಿಗೆ ಕತ್ತರಿಸಿ, ಕಾಲನ್ನು ಹಿಂದಕ್ಕೆ ಮಡಚಿ, ಬ್ಲೇಡು ಕಾರ್ಟಿಲೇಜಿಗೆ ಸೋಕದ ಹಾಗೆ ಕೀಲನ್ನು ತೆರೆಯೋದು ಅವರ ಕೈಚಳಕ. "ಒಣಗೋಕೆ ಬಿಡಬೇಡಿ, ಸಲೈನ್ ಹಾಕ್ತಾ ಇರಿ" ಅಂತ ಹಿಂದೆ ನಿಂತು ಹೇಳುತ್ತಲೇ ಇರುತ್ತಿದ್ದರು. ಹೆರೆಯುವಾಗ ಬ್ಲೇಡಿನ ಸದ್ದು ಬದಲಾದರೆ, ಕಿರ್ ಅಂದರೆ, ಮೂಳೆ ಹತ್ತಿರ ಬಂತು ನಿಲ್ಲಿಸಿ ಅಂತ ಅರ್ಥ. ಅದನ್ನು ಯಾವ ಪಠ್ಯದಲ್ಲೂ ನಾನು ಓದಿಲ್ಲ. ನಮ್ಮ ಪೇಪರುಗಳಲ್ಲಿ ಅವರ ಹೆಸರು ಕೊನೆಯ ಪ್ಯಾರಾದ ಸಣ್ಣಕ್ಷರದಲ್ಲಿ ಬಂತು. ಅದು ಸಾಲದು ಅಂತ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತೆ.

ನನಗಿಂತ ಮುಂಚೆ ಈ ದಾರಿ ಮಾಡಿದವರೂ ಇದ್ದಾರೆ. ಅವರಲ್ಲಿ ಹೆಚ್ಚಿನವರನ್ನು ನಾನು ನೋಡಿಲ್ಲ, ಪೇಪರಿನಲ್ಲಿ ಓದಿದ್ದೇನೆ ಅಷ್ಟೇ. ಕೊಲ್ಯಾಜನ್ ಮೂರು ಎಳೆ ಹೆಣೆದ ಹಗ್ಗ ಅಂತ ತೋರಿಸಿದ್ದು ನಮ್ಮವರೇ, ಮದರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಗೋಪೀನಾಥ ಕರ್ತಾ, 1954–55ರಲ್ಲಿ, ಕಾಂಗರೂ ಬಾಲದ ಕೊಲ್ಯಾಜನ್ನಿನ ಎಕ್ಸ್‌ರೇ ಚಿತ್ರ ಇಟ್ಟುಕೊಂಡು. ಆಮೇಲೆ ರಾಮಚಂದ್ರನ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ (ಐಐಎಸ್‌ಸಿ) ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. 1969ರಲ್ಲಿ ಹ್ಯಾಸ್ಕಲ್ ಮತ್ತು ಸಾಜ್ಡೆರಾ ಅನ್ನೋ ಇಬ್ಬರು ಕಾರ್ಟಿಲೇಜನ್ನು ಮಿಕ್ಸಿಗೆ ಹಾಕಿ ಚಿಂದಿ ಮಾಡೋ ಬದಲು ಗ್ವಾನಿಡೀನ್ ದ್ರಾವಣದಲ್ಲಿ ನೆನೆಸಿಟ್ಟರೆ ದೊಡ್ಡ ಅಣು ಮುರಿಯದೆ ಹೊರಗೆ ಬರುತ್ತೆ ಅಂತ ತೋರಿಸಿದರು. ಈಗಲೂ ನಾವು ಮಾಡೋದು ಅದನ್ನೇ. 1972ರಲ್ಲಿ ಹಾರ್ಡಿಂಗ್‌ಹ್ಯಾಮ್ ಮತ್ತು ಹೆಲೆನ್ ಮ್ಯೂರ್, ಈ ಅಣುಗಳು ಹಯಾಲುರಾನಿಕ್ ಆಮ್ಲ ಅನ್ನೋ ಉದ್ದನೆಯ ಸಕ್ಕರೆ ಎಳೆಗೆ ಸಾಲಾಗಿ ಅಂಟಿಕೊಳ್ಳುತ್ತವೆ ಅಂದರು. ಹೆಲೆನ್ ಮ್ಯೂರ್ ಹುಟ್ಟಿದ್ದು ನಮ್ಮ ನೈನಿತಾಲ್‌ನಲ್ಲಿ, 1920ರಲ್ಲಿ. ಮುಂದೆ ಕೀಲುರೋಗಗಳ ಮೇಲೆ ರಿಸರ್ಚ್ ಮಾಡೋ ಲಂಡನ್ನಿನ ಕೆನಡಿ ಇನ್‌ಸ್ಟಿಟ್ಯೂಟಿನ ನಿರ್ದೇಶಕಿ ಆದರು. ಲ್ಯಾಬಿನಲ್ಲಿ ಹೆಂಗಸರ ಟಾಯ್ಲೆಟ್ ಎಲ್ಲಿದೆ ಅಂತ ಕೇಳಿದರೆ ಪಕ್ಕದ ಬಿಲ್ಡಿಂಗ್ ತೋರಿಸುತ್ತಿದ್ದ ಕಾಲದಲ್ಲಿ ನಾನು ಕೆಲಸಕ್ಕೆ ಸೇರಿದವಳು. ಆ ಹೆಸರನ್ನು ಪೇಪರಿನ ಮೇಲೆ ನೋಡೋದೇ ಒಂದು ಧೈರ್ಯ ಆಗಿತ್ತು.

ಎಲ್ಲಕ್ಕಿಂತ ನನಗಿಷ್ಟ ಕೇಂಬ್ರಿಜಿನ ಹಾನರ್ ಫೆಲ್ ಮಾಡಿದ ಪ್ರಯೋಗ, 1977ರದ್ದು. ಕೀಲಿನ ಒಳಪೊರೆಯ ತುಂಡೊಂದನ್ನು ಕಾರ್ಟಿಲೇಜಿಗೆ ತಾಗದ ಹಾಗೆ ಒಂದೇ ತಟ್ಟೆಯಲ್ಲಿ ದೂರ ಇಟ್ಟರು. ತಾಗದಿದ್ದರೂ ಕಾರ್ಟಿಲೇಜ್ ಕರಗಿತು. ಕಾರ್ಟಿಲೇಜಿನ ಜೀವಕೋಶಗಳನ್ನು ಮೊದಲೇ ಸಾಯಿಸಿ ಇಟ್ಟರೆ ಕರಗಲಿಲ್ಲ! ಅಂದರೆ ಹೊರಗಿನಿಂದ ಬಂದದ್ದು ಒಂದು ಸುದ್ದಿ ಮಾತ್ರ, ಮನೆ ಕೆಡವಿದ್ದು ಒಳಗಿದ್ದ ಜೀವಕೋಶಗಳೇ. ಆ ಸುದ್ದಿ ಹೊತ್ತು ಬರೋ ಪ್ರೋಟೀನಿಗೆ ಕ್ಯಾಟಬೋಲಿನ್ ಅಂತ ಹೆಸರಿಟ್ಟರು, 1985ರ ಹೊತ್ತಿಗೆ ಅದು ಇಂಟರ್‌ಲ್ಯೂಕಿನ್-1, ಅಂದರೆ ಮೈಯಲ್ಲಿ ಉರಿಯೂತ ಎಬ್ಬಿಸೋ ಪ್ರೋಟೀನೇ, ಅಂತ ಗೊತ್ತಾಯಿತು. ಈ ಪೇಪರ್ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಯಂತ್ರದ ಭಾಗ ಸವೆದಂತೆ ಮಂಡಿ ಸವೆಯುತ್ತೆ ಅಂತ ಎಲ್ಲರೂ ತಿಳಿದಿದ್ದರು, ನಾನೂ ಹಾಗೇ ತಿಳಿದಿದ್ದೆ.

ಊರಿನವರಿಗೂ ಋಣ ಇದೆ. ನಾನು ಸಾಗರದ ಕಡೆಯವಳು. ಸಾಗರದ ಹತ್ತಿರದ ಹಂದಿಗೋಡಿನ ಹೆಸರು ಕೇಳಿರುತ್ತೀರಿ. 1970ರ ದಶಕದ ನಡುವಿನಲ್ಲಿ ಅಲ್ಲಿನ ಕೀಲುರೋಗ ಎಲ್ಲರ ಗಮನಕ್ಕೆ ಬಂತು. ಸೊಂಟ, ಮಂಡಿ ಹಿಡಿದು, ಬೆನ್ನು ಬಾಗಿ, ಕೋಲಿಲ್ಲದೆ ನಡೆಯಲಾಗದವರು, ತೆವಳುವವರು. ಗದ್ದೆಗೆ ಹೊಡೆದ ಔಷಧಿಯಿಂದ, ಅಲ್ಲಿನ ಏಡಿ ತಿಂದದ್ದರಿಂದ ಅಂತೆಲ್ಲ ಆಗ ಅನುಮಾನಪಟ್ಟರು. ಆಮೇಲೆ ಬಂದ ಅಧ್ಯಯನಗಳು ಇದು ತಲೆಮಾರಿನಿಂದ ತಲೆಮಾರಿಗೆ ಬರೋ ಮೂಳೆ ಬೆಳವಣಿಗೆಯ ದೋಷ ಅಂದವು. ನಾನು ಅದರ ಮೇಲೆ ಕೆಲಸ ಮಾಡಲಿಲ್ಲ. ಆದರೆ ಕೀಲು ಅನ್ನೋದು ಮುದುಕರ ಸಣ್ಣಪುಟ್ಟ ತೊಂದರೆ ಅಲ್ಲ, ಒಂದು ಊರನ್ನೇ ಕೂರಿಸಬಲ್ಲದು ಅಂತ ಹುಡುಗಿಯಾಗಿದ್ದಾಗಲೇ ಗೊತ್ತಾಗಿದ್ದು ಅಲ್ಲಿಂದ. ರಿಸರ್ಚಿನ ತಂಡದ ಮೇಲೆ ತಂಡ ಬಂದಾಗಲೂ ಅಲ್ಲಿನವರು ರಕ್ತ ಕೊಟ್ಟರು, ಎಕ್ಸ್‌ರೇಗೆ ನಿಂತರು. ವಾಪಸ್ಸು ಸಿಕ್ಕಿದ್ದು ಬಹಳ ಕಡಿಮೆ. ಇದನ್ನು ಸುಮ್ನೆ ಥ್ಯಾಂಕ್ಸ್ ಹೇಳಿ ಮುಗಿಸಲು ನನಗೆ ಮನಸ್ಸು ಬರಲ್ಲ. ಮಾಸಾಶನ, ಗಾಲಿಕುರ್ಚಿ, ಆಪರೇಷನ್ ಇವೆಲ್ಲ ಅವರ ಹಕ್ಕು, ರಿಸರ್ಚಿನ ಫಲ ಬರಲಿ ಅಂತ ಕಾಯಬೇಕಾದ್ದಲ್ಲ.

ಇನ್ನು ನನ್ನ ಕಿಣ್ವದ ಕತೆ. ಅಗ್ರಿಕ್ಯಾನನ್ನು ಒಂದು ನಿರ್ದಿಷ್ಟ ಜಾಗದಲ್ಲಿ, 373ನೇ ಮತ್ತು 374ನೇ ಅಮೈನೋ ಆಮ್ಲದ ನಡುವೆ, ಏನೋ ಒಂದು ಕತ್ತರಿಸುತ್ತೆ ಅಂತ 90ರ ದಶಕದ ಶುರುವಿಗೇ ಗೊತ್ತಿತ್ತು. ಕತ್ತರಿ ಯಾರದು ಅಂತ ಗೊತ್ತಿರಲಿಲ್ಲ. 1999ರಲ್ಲಿ ಸಿಕ್ಕಿತು, ಒಂದಲ್ಲ ಎರಡು, ಆಡಮ್‌ಟಿಎಸ್-4 ಮತ್ತು 5. ಸಿಕ್ಕಿದ್ದು ನಮಗಲ್ಲ, ಅಮೆರಿಕದ ತಂಡಕ್ಕೆ. ನಾವು ಅದೇ ಕಿಣ್ವದ ಬಾಲ ಹಿಡಿದಿದ್ದೆವು, ಬೇಜಾರಾಗಲಿಲ್ಲ ಅಂದರೆ ಸುಳ್ಳು. 2005ರಲ್ಲಿ ಅಮೆರಿಕದಲ್ಲೂ ಆಸ್ಟ್ರೇಲಿಯಾದಲ್ಲೂ ಎರಡು ತಂಡ, ಆಡಮ್‌ಟಿಎಸ್-5 ಇಲ್ಲದ ಇಲಿಗಳ ಕಾರ್ಟಿಲೇಜ್ ಅಷ್ಟಾಗಿ ಹಾಳಾಗಲ್ಲ ಅಂತ ತೋರಿಸಿದಾಗ ಲ್ಯಾಬಿನಲ್ಲಿ ಜಾಮೂನು ಹಂಚಿದೆವು. ಇನ್ನೇನು, ಕಿಣ್ವ ತಡೆಯೋ ಗುಳಿಗೆ ಒಂದು ಬಂದರಾಯಿತು.

ಗುಳಿಗೆ ಬಂತು. 900ಕ್ಕೂ ಹೆಚ್ಚು ಜನ ಮಂಡಿನೋವಿನವರ ಮೇಲೆ ಒಂದು ವರ್ಷ ಪ್ರಯೋಗ ಆಯಿತು, ಹಲವು ದೇಶಗಳಲ್ಲಿ. 2020ರಲ್ಲಿ ಫಲಿತಾಂಶ ಹೊರಬಿತ್ತು. ಎಂಆರ್‌ಐ ಮಾಡಿ ಅಳೆದರೆ ಗುಳಿಗೆ ತಗೊಂಡವರ ಕಾರ್ಟಿಲೇಜಿಗೂ ಸಕ್ಕರೆ ಗುಳಿಗೆಯವರದ್ದಕ್ಕೂ (ಹೋಲಿಸಿ ನೋಡಲು ಕೊಡೋ, ಔಷಧಿ ಇಲ್ಲದ ಗುಳಿಗೆ) ವ್ಯತ್ಯಾಸ ಇರಲಿಲ್ಲ. ಅವತ್ತು ಲ್ಯಾಬಿನಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ನಾನು ಆ ಪ್ರಯೋಗದಲ್ಲಿ ಇರಲಿಲ್ಲ, ಆದರೆ ನನ್ನ ವೃತ್ತಿಯ ಅರ್ಧಕ್ಕಿಂತ ಜಾಸ್ತಿ ಆ ಒಂದು ಊಹೆಯ ಮೇಲೆ ನಿಂತಿತ್ತು. ತಡವಾಗಿ ಕೊಟ್ಟೆವಾ? ಆ ಹೊತ್ತಿಗೆ ಬಟ್ಟೆಯೇ ಹರಿದಿತ್ತಾ? ಇಲಿಗೆ ಒಂದು ಕತ್ತರಿ, ಮನುಷ್ಯನಿಗೆ ಇನ್ನೊಂದಾ? ಈಗ ಆ ಪ್ರಶ್ನೆಗಳ ಮೇಲೆ ಕೂತಿರೋದು ನನ್ನ ಹಳೇ ವಿದ್ಯಾರ್ಥಿಗಳು. ಒಂದು ವರ್ಷ ಬಿಡದೆ ದಿನಾ ಗುಳಿಗೆ ನುಂಗಿ, ಮತ್ತೆ ಮತ್ತೆ ಎಂಆರ್‌ಐ ಒಳಗೆ ಮಲಗಿ, ಕೊನೆಗೆ "ಕೆಲಸ ಮಾಡಲಿಲ್ಲ" ಅನ್ನೋ ಉತ್ತರ ಪಡೆದ ಆ 900 ಚಿಲ್ಲರೆ ಜನರಿಗೆ ನನ್ನ ದೊಡ್ಡ ನಮಸ್ಕಾರ. ಅವರು ಇಲ್ಲದಿದ್ದರೆ ನಾವು ಇನ್ನೂ ಇಲಿ ನೋಡಿಕೊಂಡು ಜಾಮೂನು ತಿನ್ನುತ್ತಿದ್ದೆವು.

ಮದುವೆ ಮುಂಜಿಗಳಲ್ಲಿ ನನ್ನನ್ನು ಮೂಲೆಗೆ ಕರೆದು ಕೀಲಿಗೆ ಒಳ್ಳೇದು ಅಂತ ಮಾರೋ ಗುಳಿಗೆಯ ಬಗ್ಗೆ "ಗ್ಲೂಕೋಸಮೈನ್ ತಗೊಳ್ಳಲಾ?" ಅಂತ ಕೇಳಿದ ನೆಂಟರಿಗೂ ಥ್ಯಾಂಕ್ಸ್, ನಿಮ್ಮಿಂದಾಗಿ ನಾನು ಎಲ್ಲ ಪ್ರಯೋಗಗಳ ಫಲಿತಾಂಶ ಓದಿಟ್ಟುಕೊಳ್ಳಬೇಕಾಯಿತು. 2006ರಲ್ಲಿ ಅಮೆರಿಕದಲ್ಲಿ 1,583 ಜನರ ಮೇಲೆ ನೋಡಿದ್ದಾರೆ, ಒಟ್ಟಾರೆ ಲೆಕ್ಕದಲ್ಲಿ ಸಕ್ಕರೆ ಗುಳಿಗೆಗಿಂತ ಹೇಳಿಕೊಳ್ಳುವಷ್ಟು ಹೆಚ್ಚೇನೂ ನೋವು ಕಮ್ಮಿ ಆಗಲಿಲ್ಲ. ತೂಕ ಇಳಿಸಿ, ತೊಡೆಯ ಸ್ನಾಯು ಗಟ್ಟಿ ಮಾಡಿ ಅಂದರೆ ಯಾರೂ ಕೇಳಲ್ಲ, ಅಲ್ವಾ?

ಒಂದು ಸಲ ಗ್ರಾಂಟ್ ಅರ್ಜಿಗೆ "ಮುಪ್ಪಿನ ರೋಗ, ಆದ್ಯತೆ ಅಲ್ಲ" ಅಂತ ಬರೆದು ವಾಪಸ್ ಕಳಿಸಿದ ಪರೀಕ್ಷಕರಿಗೆ ಮಾತ್ರ ಥ್ಯಾಂಕ್ಸ್ ಇಲ್ಲ. ಅವರಿಗೂ ಈಗ ವಯಸ್ಸಾಗಿರುತ್ತೆ. ಆ ವರ್ಷ ಸಂಬಳ ಇಲ್ಲದೆಯೂ ಬೆಂಚು ಬಿಡದ ಇಬ್ಬರು ವಿದ್ಯಾರ್ಥಿನಿಯರು ಈಗ ತಮ್ಮದೇ ಲ್ಯಾಬ್ ನಡೆಸುತ್ತಿದ್ದಾರೆ. ನನ್ನ ಫ್ರೀಜರಿನ ಚೂರುಗಳನ್ನು ಪಟ್ಟಿ ಸಮೇತ ಅವರಿಗೆ ಒಪ್ಪಿಸಿದ್ದೇನೆ. ಮನೆಯವರ ಬಗ್ಗೆ ಇಲ್ಲಿ ಬರೆಯಲ್ಲ. ಬರೆದರೆ ಗಂಡ ಸಂಕೋಚಪಡುತ್ತಾರೆ, ಮಗಳು ತಿದ್ದುತ್ತಾಳೆ.

ನಿಮ್ಮಲ್ಲಿ ಯಾರಿಗಾದರೂ, ನಿಮ್ಮ ಅಪ್ಪ ಅಮ್ಮನಿಗಾದರೂ, ಮಂಡಿ ಆಪರೇಷನ್ ಇದ್ದರೆ ಆ ಕಾಗದದ ಕಟ್ಟಿನಲ್ಲಿ ರಿಸರ್ಚಿನ ಹಾಳೆ ಇದೆಯಾ ನೋಡಿ. ಇದ್ದರೆ ಓದಿ, ಅರ್ಥ ಆಗದ್ದನ್ನು ಕೇಳಿ. ಬೇಡ ಅನ್ನಿಸಿದರೆ ಬೇಡ ಅನ್ನಿ, ಚಿಕಿತ್ಸೆಗೆ ಅದರಿಂದ ಏನೂ ಆಗಲ್ಲ. ಆಗಬಹುದು ಅನ್ನಿಸಿದರೆ ಸಹಿ ಹಾಕಿ. ಡಬ್ಬಿ ತೆಗೆದು ನೋಡುವವರು ನಿಮಗೆ ಥ್ಯಾಂಕ್ಸ್ ಹೇಳಲು ಸಿಗಲ್ಲ, ಅವರ ಪರವಾಗಿ ನಾನು ಈಗಲೇ ಹೇಳಿದ್ದೇನೆ.

ನೋಡಲು ಬರುವವರು ಮಧ್ಯಾಹ್ನದ ಮೇಲೆ ಬನ್ನಿ, ಬೆಳಗ್ಗೆ ಆ ಫಿಸಿಯೋ ಹುಡುಗಿ ಬರುತ್ತಾಳೆ, ಆ ಹೊತ್ತಿನಲ್ಲಿ ನಾನು ಯಾರ ಜೊತೆಗೂ ಮರ್ಯಾದೆಯಾಗಿ ಮಾತಾಡೋ ಸ್ಥಿತಿಯಲ್ಲಿ ಇರಲ್ಲ. ಸಿಹಿ ತರಬೇಡಿ, ತೂಕ ಇಳಿಸಬೇಕಂತೆ. ಖಾರ ಏನಾದರೂ ಇದ್ದರೆ ತನ್ನಿ.